ಪಾರ್ಕಲ್ಲಿ ನಾಟಿ ಮರ ನೆಡೋ ವಾಲಂಟಿಯರ್‌ಗಳು ಜೂನ್‌ಗಿಂತ ಜಾಸ್ತಿ ಮಾರ್ಚಲ್ಲಿ ಬೇಕು

ಬೆಂಗಳೂರಿನ ಪಾರ್ಕುಗಳಲ್ಲಿ ಯಾವ್ಯಾವ ಮರ ಇದಾವೆ ಅಂತ ಪರಿಸರ ವಿಜ್ಞಾನಿ ಹರಿಣಿ ನಾಗೇಂದ್ರ ಮತ್ತೆ ಅವರ ಜೊತೆ ಸಂಶೋಧಕಿ ಲೆಕ್ಕ ಹಾಕಿ 2011ರಲ್ಲಿ ಒಂದು ಅಧ್ಯಯನ ಪ್ರಕಟ ಮಾಡಿದ್ರು. ನೂರು ಮರದಲ್ಲಿ 77 ಹೊರಗಡೆಯಿಂದ ತಂದು ಹಾಕಿದ ಜಾತಿಯವು ಅಂತ ಅದರಲ್ಲಿ ಗೊತ್ತಾಯ್ತು. ಇವತ್ತು ಯಾವ ಬಡಾವಣೆ ಪಾರ್ಕಿಗೆ ಹೋಗಿ ನೋಡಿದ್ರೂ ಕಣ್ಣಿಗೆ ಬೀಳೋದು ಹೆಚ್ಚುಕಮ್ಮಿ ಅದೇ. ಗುಲ್‌ಮೊಹರ್ ಮಡಗಾಸ್ಕರ್‌ನದ್ದು, ಜಕರಂಡ, ಟಬೆಬುಯಾ, ರೈನ್ ಟ್ರೀ ಎಲ್ಲಾ ಅಮೆರಿಕ ಖಂಡದ ಬಿಸಿ ಸೀಮೆಯವು, ಕೆಂಪು ಹೂವಿನ ಸ್ಪಾತೋಡಿಯಾ ಆಫ್ರಿಕಾದ್ದು, ಮಕ್ಕಳು ಹಣ್ಣು ಕಿತ್ತು ತಿನ್ನೋ ಸಿಂಗಾಪುರ್ ಚೆರ್ರಿನೂ ಸಿಂಗಾಪುರದ್ದಲ್ಲ, ಅದೂ ಅಮೆರಿಕದ ಕಡೆಯದ್ದೇ. ವಾಕಿಂಗ್ ಪಾತ್ ಪಕ್ಕದಲ್ಲಿ ಚಾಪೆ ಹಾಸಿದ ಹಾಗೆ ಹರಡಿರೋ ಹಳದಿ ಹೂವಿನ ವೆಡೇಲಿಯಾ ಇದೆಯಲ್ಲ, ಅದು ಜಗತ್ತಿನ ಅತಿ ಕೆಟ್ಟ 100 ಆಕ್ರಮಣಕಾರಿ ಜೀವಿಗಳ, ಅಂದ್ರೆ ಹೊರಗಿಂದ ಬಂದು ಹಬ್ಬಿ ಸ್ಥಳೀಯ ಜೀವಿಗಳನ್ನ ಒತ್ತರಿಸೋವುಗಳ ಪಟ್ಟಿಯಲ್ಲಿದೆ. ಸ್ಪಾತೋಡಿಯಾನೂ ಅದೇ ಪಟ್ಟಿಯಲ್ಲಿದೆ, ಲಂಟಾನಾ, ಸುಬಾಬುಲ್ ಕೂಡ. ಇವನ್ನೆಲ್ಲ ನಾವೇ ದುಡ್ಡು ಕೊಟ್ಟು ತಂದು ನೆಟ್ಟು ನೀರು ಹಾಕಿ ಬೆಳೆಸಿದೀವಿ.

ಇದನ್ನ ಬದಲಾಯಿಸಬೇಕು ಅಂತ ಈಗ ತುಂಬಾ ಜನಕ್ಕೆ ಅನ್ಸಿದೆ, ಅದು ನಿಜಕ್ಕೂ ಖುಷಿ ವಿಷಯ. ಅಪಾರ್ಟ್‌ಮೆಂಟ್ ಅಸೋಸಿಯೇಷನ್‌ನವರು, ಕಾಲೇಜಿನ ಎನ್‌ಎಸ್‌ಎಸ್ ಹುಡುಗರು, ಐಟಿ ಕಂಪನಿಗಳ ಸಿಎಸ್‌ಆರ್ ಟೀಮ್‌ಗಳು, ಕೆರೆ ಗುಂಪುಗಳು, ಎಲ್ರೂ ಈಗ ‘ನೇಟಿವ್ ಗಿಡಾನೇ ಹಾಕೋಣ’ ಅಂತಾರೆ, ಅಂದ್ರೆ ಈ ಸೀಮೆಯದೇ ಆದ ನಾಟಿ ಗಿಡ, ಹತ್ತು ಹದಿನೈದು ವರ್ಷದ ಹಿಂದೆ ಈ ಮಾತು ಇಷ್ಟು ಕೇಳಿಸ್ತಿರ್ಲಿಲ್ಲ. ಆದ್ರೆ ಈ ಉತ್ಸಾಹ ಪೂರ್ತಿ ಒಂದೇ ತಿಂಗಳಲ್ಲಿ, ಒಂದೇ ಕೆಲಸದ ಮೇಲೆ ಖರ್ಚಾಗಿ ಹೋಗ್ತಿದೆ, ಅಂದ್ರೆ ಜೂನಲ್ಲಿ ಗುಂಡಿಗೆ ಸಸಿ ಇಳಿಸೋ ಕೆಲಸದ ಮೇಲೆ. ಸಸಿ ಮರ ಆಗೋದು ಬಿಡೋದು ತೀರ್ಮಾನ ಆಗೋದು ಆ ದಿನದ ಮುಂಚೆ ನರ್ಸರಿಯಲ್ಲಿ, ಆಮೇಲೆ ಬರೋ ಎರಡು ಮೂರು ಬೇಸಿಗೆಗಳಲ್ಲಿ. ಅಲ್ಲಿ ಕೈ ಹಾಕೋಕೆ ಜನ ಇಲ್ಲ, ಮುಖ್ಯ ತೊಂದರೆ ಇದೇ ಅನ್ನೋದು ನನ್ನ ಅಭಿಪ್ರಾಯ.

ಪಾರ್ಕುಗಳು ಹೀಗೆ ಯಾಕಾದವು ಅಂತ ಸ್ವಲ್ಪ ನೋಡ್ಬೇಕು. ಲಾಲ್‌ಬಾಗ್ 1760ರಲ್ಲಿ ಹೈದರ್ ಅಲಿ ಶುರು ಮಾಡಿದ್ದು, ಆಗಿಂದಾನೇ ಹೊರಗಿನ ಗಿಡ ತರಿಸೋ ಅಭ್ಯಾಸ ಇತ್ತು. 1908ರಲ್ಲಿ ಜರ್ಮನಿಯ ತೋಟಗಾರಿಕೆ ತಜ್ಞ ಕ್ರುಂಬಿಗಲ್ ಮೈಸೂರು ಸಂಸ್ಥಾನಕ್ಕೆ ಬಂದ್ರು, ವರ್ಷದ ಯಾವ ತಿಂಗಳಲ್ಲಿ ನೋಡಿದ್ರೂ ಊರಲ್ಲಿ ಒಂದಲ್ಲ ಒಂದು ಮರ ಹೂ ಬಿಟ್ಟಿರಬೇಕು ಅನ್ನೋದು ಅವರ ಯೋಚನೆ, ಅದಕ್ಕೆ ತಕ್ಕ ಹಾಗೆ ರಸ್ತೆ ರಸ್ತೆಗೆ ಮರ ಆರಿಸಿ ಹಾಕಿಸಿದ್ರು. ಈಗ ಫೆಬ್ರವರಿ ಮಾರ್ಚಲ್ಲಿ ಗುಲಾಬಿ ಟಬೆಬುಯಾ ಫೋಟೋ ಫೋನ್ ತುಂಬಾ ಓಡಾಡತ್ತಲ್ಲ, ಅದರ ಹಿಂದೆ ಇರೋದು ಆ ಯೋಚನೆನೇ. ಆಮೇಲೆ 1980ರ ದಶಕದಲ್ಲಿ ಅರಣ್ಯ ಅಧಿಕಾರಿ ಎಸ್. ಜಿ. ನೇಗಿನಹಾಳ ಅವರ ಮುಂದಾಳತ್ವದಲ್ಲಿ ನಗರದಲ್ಲಿ ಸುಮಾರು 15 ಲಕ್ಷ ಗಿಡ ಹಾಕಿದ್ರು, ಇವತ್ತು ಎಷ್ಟೋ ಬಡಾವಣೆಗಳಲ್ಲಿ ನಾವು ನೆರಳಲ್ಲಿ ನಡೀತಿರೋದು ಆ ಕೆಲಸದಿಂದ. ಇವರನ್ನ ಬೈಯ್ಯೋದ್ರಲ್ಲಿ ಅರ್ಥ ಇಲ್ಲ, ಅವರು ಊರಿಗೆ ನೆರಳು ಕೊಟ್ಟಿದಾರೆ. ರಸ್ತೆ ಮರದ ಕೆಳಗೆ ಗಾಳಿಯ ಬಿಸಿ 5.6 ಡಿಗ್ರಿವರೆಗೆ, ಡಾಂಬರಿನ ಬಿಸಿ 27.5 ಡಿಗ್ರಿವರೆಗೆ ಕಮ್ಮಿ ಇರತ್ತೆ ಅಂತ ಸಂಶೋಧಕರು ಇದೇ ಬೆಂಗಳೂರಲ್ಲಿ ಅಳೆದು 2013ರಲ್ಲಿ ಬರೆದಿದಾರೆ, ಆ ತಂಪು ಕೊಡೋಕೆ ಮರದ ಮೂಲ ಯಾವ ದೇಶ ಅನ್ನೋದು ಲೆಕ್ಕಕ್ಕೆ ಬರಲ್ಲ.

ಹಾಗಾದ್ರೆ ನಾಟಿ ಮರಾನೇ ಯಾಕೆ ಬೇಕು? ನೆರಳಿಗೆ ಯಾವ ಮರ ಆದ್ರೂ ಆಗತ್ತೆ. ಊಟಕ್ಕೆ, ಸಂಸಾರಕ್ಕೆ ಆಗಲ್ಲ. ಅತ್ತಿ, ಆಲ, ಅರಳಿ, ಬಸರಿ ತಗೊಳ್ಳಿ, ಇವುಗಳ ಹೂ ಹಣ್ಣಿನ ಒಳಗಡೆನೇ ಇರತ್ತೆ, ಒಂದೊಂದು ಜಾತಿಗೂ ಅದರದೇ ಆದ ಒಂದು ಪುಟಾಣಿ ಕಣಜ ಇದೆ, ಅದು ಮೊಟ್ಟೆ ಇಡೋಕೆ ಒಳಗೆ ಹೋಗಿ ಪರಾಗ ಮುಟ್ಟಿಸಿದ್ರೆ ಮಾತ್ರ ಬೀಜ ಕಟ್ಟತ್ತೆ. ಒಂದೇ ಜಾತಿಯ ಬೇರೆ ಬೇರೆ ಮರ ಬೇರೆ ಬೇರೆ ತಿಂಗಳಲ್ಲಿ ಹಣ್ಣು ಬಿಡೋದ್ರಿಂದ ಊರಲ್ಲಿ ವರ್ಷ ಪೂರ್ತಿ ಎಲ್ಲೋ ಒಂದು ಕಡೆ ಹಣ್ಣು ಇರತ್ತೆ, ಬೇರೆ ಯಾವ ಮರದಲ್ಲೂ ಏನೂ ಇಲ್ದಿರೋವಾಗ ಕುಟ್ರ ಹಕ್ಕಿ, ಕೋಗಿಲೆ, ಮೈನಾ, ಬಾವಲಿ ಇವೆಲ್ಲ ಇದರ ಮೇಲೇ ಬದುಕ್ತವೆ. ಮುತ್ತುಗ ಬಿರು ಬೇಸಿಗೆ ಶುರುವಲ್ಲಿ ಎಲೆ ಎಲ್ಲಾ ಉದುರಿಸಿ ಕೆಂಪಗೆ ಅರಳತ್ತೆ, ಬೆಳಗ್ಗೆ ಆರೂವರೆಗೆ ಅದರ ಕೆಳಗೆ ನಿಂತ್ಕೊಂಡ್ರೆ ಸೂರಕ್ಕಿ ಮೈನಾಗಳ ಗಲಾಟೆ ಹೇಗಿರತ್ತೆ ಅಂತ ನೋಡಿದವರಿಗೇ ಗೊತ್ತು. ಇನ್ನು ಹೊಂಗೆ, ಯುಗಾದಿ ಹೊತ್ತಿಗೆ ಹೊಸ ಚಿಗುರು ಬಂದು ಹಸಿರಾಗಿ ಮಿಂಚ್ತಿರತ್ತೆ, ಆಮೇಲೆ ಹೂ ಬಿಟ್ಟು ಕೆಳಗಡೆ ನೆಲ ಎಲ್ಲಾ ತಿಳಿ ನೇರಳೆ ಆಗತ್ತೆ, ಮರದ ತುಂಬಾ ಜೇನು. ಬೇರಲ್ಲಿ ಗಂಟು ಕಟ್ಟಿ ಗಾಳಿಯ ಸಾರಜನಕನ ಮಣ್ಣಿಗೆ ಸೇರಿಸೋ ಮರ ಇದು.

ಚಿಟ್ಟೆ ವಿಷಯದಲ್ಲಂತೂ ಇದು ಇನ್ನೂ ಖಡಕ್ಕು. ಚಿಟ್ಟೆಗೆ ಮಕರಂದ ಯಾವ ಹೂವಲ್ಲಾದ್ರೂ ಸಿಗಬಹುದು, ಆದ್ರೆ ಮೊಟ್ಟೆ ಇಡೋಕೆ ಅದಕ್ಕೆ ಅದರದೇ ಗಿಡ ಬೇಕು, ಯಾಕಂದ್ರೆ ಹುಳ ಅದನ್ನ ಬಿಟ್ಟು ಬೇರೆ ತಿನ್ನಲ್ಲ. ಕ್ರಿಮ್ಸನ್ ರೋಸ್ ಚಿಟ್ಟೆಗೆ ಈಶ್ವರಿ ಬಳ್ಳಿ, ಪ್ಲೇನ್ ಟೈಗರ್‌ಗೆ ಎಕ್ಕ, ಕಾಮನ್ ಎಮಿಗ್ರೆಂಟ್‌ಗೆ ಕಕ್ಕೆ, ಕಾಮನ್ ಬ್ಯಾಂಡೆಡ್ ಆಲ್‌ಗೆ ಹೊಂಗೆ. ಆಸ್ಟ್ರೇಲಿಯಾದಲ್ಲಿ ರಿಚ್ಮಂಡ್ ಬರ್ಡ್‌ವಿಂಗ್ ಅನ್ನೋ ದೊಡ್ಡ ಚಿಟ್ಟೆ ಮನೆ ಕೈತೋಟಕ್ಕೆ ಅಂತ ತಂದಿದ್ದ ದಕ್ಷಿಣ ಅಮೆರಿಕದ ಅಲಂಕಾರದ ಬಳ್ಳಿ ಮೇಲೆ ಮೋಸ ಹೋಗಿ ಮೊಟ್ಟೆ ಇಡೋದು, ಎಲೆ ತಿಂದ ಹುಳ ವಿಷಕ್ಕೆ ಸಾಯೋದು, ಕೊನೆಗೆ ಅಲ್ಲಿ ಶಾಲೆ ಮಕ್ಕಳು, ಊರಿನ ವಾಲಂಟಿಯರ್‌ಗಳು ಸೇರ್ಕೊಂಡು ಆ ಚಿಟ್ಟೆಯ ಮೂಲ ಬಳ್ಳಿನ ಹುಡುಕಿ ಬೆಳೆಸಿ ನೆಟ್ರು. ನಮ್ಮಲ್ಲಿ ಇದಕ್ಕೆ ತಿರುಗಾ ಮುರುಗಾ ಆಗತ್ತೆ, ಹೊಂಗೆ ಎಲೆ ತೂತು ತೂತಾಗಿದೆ ಅಂತ ಪಾರ್ಕ್ ಗ್ರೂಪಲ್ಲಿ ಫೋಟೋ ಬರತ್ತೆ, ಕೆಳಗೆ ‘ಔಷಧಿ ಹೊಡೆಸಿ’ ಅಂತ ಐದಾರು ಮೆಸೇಜು. ಎಲೆ ತೂತಾಗಿದ್ರೆ ಆ ಮರ ಕೆಲಸ ಮಾಡ್ತಿದೆ ಅಂತ ಅರ್ಥ ರೀ, ಎರಡು ವಾರ ಬಿಟ್ರೆ ಮತ್ತೆ ಚಿಗುರತ್ತೆ.

ಈಗ ಸ್ವಲ್ಪ ಕಷ್ಟದ ಪ್ರಶ್ನೆಗೆ ಬರೋಣ. ನಾಟಿ ಅಂದ್ರೆ ಎಲ್ಲಿಯ ನಾಟಿ? ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಮೈದಾನ ಸೀಮೆ, ವರ್ಷಕ್ಕೆ ಸುಮಾರು ಸಾವಿರ ಮಿಲಿಮೀಟರ್ ಮಳೆ, ಅದರಲ್ಲೂ ಜಾಸ್ತಿ ಬೀಳೋದು ಆಗಸ್ಟಿಂದ ಅಕ್ಟೋಬರ್ ವರೆಗೆ, ಡಿಸೆಂಬರ್ ಇಂದ ಮಾರ್ಚ್ ವರೆಗೆ ಹೆಚ್ಚುಕಮ್ಮಿ ಒಣ. ಇಲ್ಲಿ ಮೊದಲಿಂದ ಇದ್ದಿದ್ದು ಕುರುಚಲು, ಹುಲ್ಲು, ನಡುನಡುವೆ ಎಲೆ ಉದುರಿಸೋ ಮರಗಳು: ದಿಂಡಿಗ, ಜಾಲಾರಿ, ತುಗ್ಲಿ, ಹಾಲೆ, ಮುತ್ತುಗ, ಕಕ್ಕೆ, ನೆಲ್ಲಿ, ಬಿಲ್ವ, ಬೇಲ, ಶ್ರೀಗಂಧ. ಅವುಗಳ ಕೆಳಗೆ ತಂಗಡಿ, ಬಂದರಿಕೆ, ಕಾರೆ, ಕವಳಿ, ಲಕ್ಕಿ, ತುಂಬೆ. ಊರುಗಳ ಅಂಚಲ್ಲಿ ಜನ ಬೆಳೆಸಿದ ಗುಂಡುತೋಪುಗಳಿದ್ದವು, ಹಿಪ್ಪೆ, ಹೊಂಗೆ, ನೇರಳೆ, ಮಾವು, ಹುಣಸೆ, ಕೆರೆ ಏರಿ ಹತ್ರ ಅತ್ತಿ, ದೇವಸ್ಥಾನದ ಮುಂದೆ ಅರಳಿಕಟ್ಟೆ, ಅರಳಿ ಬೇವು ಜೋಡಿ ನೆಟ್ಟು ಮದುವೆ ಮಾಡಿಸೋ ಪದ್ಧತಿ. ಆಷಾಢದಲ್ಲಿ ಶ್ರಾವಣದಲ್ಲಿ ಜನ ಸೇರಿ ಮರ ನೆಡೋದು ನಮಗೆ ಹೊಸದಲ್ಲ, ನಮ್ಮ ಅಜ್ಜ ಮುತ್ತಜ್ಜಂದಿರು ಮಾಡಿದ ಎಷ್ಟೋ ಗುಂಡುತೋಪುಗಳು ಆಮೇಲೆ ಬಸ್ ಸ್ಟ್ಯಾಂಡು, ಸರ್ಕಾರಿ ಕಟ್ಟಡ, ಕೆಲವು ಕಡೆ ಪಾರ್ಕೂ ಆಗಿದಾವೆ, ಅಂಥ ಪಾರ್ಕುಗಳಲ್ಲಿ ಮೂಲೆಯಲ್ಲಿ ಒಂದು ಮುದಿ ಹಿಪ್ಪೆ ಮರ ಇನ್ನೂ ನಿಂತಿರತ್ತೆ, ಹುಡುಕಿ ನೋಡಿ.

ಇದನ್ನೆಲ್ಲ ಯಾಕೆ ಹೇಳ್ತಿದೀನಿ ಅಂದ್ರೆ, ಈಗ ‘ನೇಟಿವ್’ ಅಂತ ಬೋರ್ಡ್ ಹಾಕಿ ನೆಡ್ತಿರೋ ಎಷ್ಟೋ ಗಿಡ ಸಹ್ಯಾದ್ರಿಯ ಮಳೆ ಕಾಡಿನವು. ಅವು ಕರ್ನಾಟಕದವೇ, ಒಪ್ಕೋತೀನಿ, ಆದ್ರೆ ಆಗುಂಬೆ ಕಡೆ ಗಿಡ ಕೆಂಗೇರಿಯ ಮಾರ್ಚ್ ಬಿಸಿಲನ್ನ ಹೇಗೆ ತಡ್ಕೊಳ್ಳತ್ತೆ? ಅದು ಸತ್ರೆ ‘ನೇಟಿವ್ ಗಿಡ ಇಲ್ಲಿ ಬರಲ್ಲ ಸಾರ್’ ಅಂತ ಹೆಸರು ಬರತ್ತೆ, ಮುಂದಿನ ವರ್ಷ ಮತ್ತೆ ಟಬೆಬುಯಾ. ಚಿಕ್ಕ ಜಾಗದಲ್ಲಿ ಒತ್ತೊತ್ತಾಗಿ ಗಿಡ ನೆಟ್ಟು ಬೇಗ ಕಾಡು ಬೆಳೆಸೋ ಮಿಯಾವಾಕಿ ಪದ್ಧತಿ ವಿಷಯದಲ್ಲೂ ಇದೇ ಗೊಂದಲ. ಜಪಾನಿನ ಅಕಿರಾ ಮಿಯಾವಾಕಿ ಅವರ ಮೊದಲನೇ ಸೂತ್ರ ಏನಂದ್ರೆ ಆ ಜಾಗದಲ್ಲಿ ಮನುಷ್ಯ ಕೈ ಹಾಕದೇ ಇದ್ದಿದ್ರೆ ಯಾವ ಸಸ್ಯ ಸಮುದಾಯ ಇರ್ತಿತ್ತು ಅಂತ ಮೊದಲು ಪತ್ತೆ ಮಾಡಬೇಕು, ಆಮೇಲೆ ಮಣ್ಣು ತಯಾರಿ, ಆಮೇಲೆ ಒತ್ತೊತ್ತಾಗಿ ಚದರ ಮೀಟರಿಗೆ ಮೂರು ನಾಲ್ಕು ಸಸಿ. ಇಲ್ಲಿ ಮೊದಲನೇ ಸೂತ್ರ ಬಿಟ್ಟು ಕೊನೇದನ್ನ ಮಾತ್ರ ಹಿಡ್ಕೊಂಡಿದಾರೆ, ಯಾಕಂದ್ರೆ ಚಿಕ್ಕ ಜಾಗದಲ್ಲಿ ದೊಡ್ಡ ಸಂಖ್ಯೆ ತೋರಿಸಬಹುದು. ಕುರುಚಲು ಸೀಮೆಯಲ್ಲಿ ಒತ್ತೊತ್ತಾದ ಕಾಡು ಮಾಡೋಕೆ ಹೊರಟ್ರೆ ನೀರು ಹಾಕಿ ಹಾಕಿನೇ ಅದನ್ನ ನಿಲ್ಲಿಸಬೇಕಾಗತ್ತೆ.

ಮತ್ತೆ ಕೆಲವು ಕಡೆ ಗಿಡ ನೆಡದೇ ಇರೋದೇ ಸರಿ. ಬೆಂಗಳೂರಿನ ಹೊರವಲಯದ ಹೆಸರಘಟ್ಟದ ಹುಲ್ಲುಗಾವಲಿಗೆ ಬೇಕಾಗಿರೋದು ಹುಲ್ಲು, ಅಲ್ಲಿ ಮರ ಹಾಕಿದ್ರೆ ಹುಲ್ಲಲ್ಲಿ ಗೂಡು ಕಟ್ಟೋ ಹಕ್ಕಿಗಳು ಹೋಗಿಬಿಡ್ತವೆ, ಎಷ್ಟೋ ವರ್ಷದ ಹೋರಾಟ ಆದ್ಮೇಲೆ 2024ರಲ್ಲಿ ರಾಜ್ಯ ವನ್ಯಜೀವಿ ಮಂಡಳಿ ಅದನ್ನ ಸಂರಕ್ಷಣಾ ಮೀಸಲು ಮಾಡೋಕೆ ಒಪ್ಪಿಗೆ ಕೊಡ್ತು. ಬೆಂಗಳೂರಿನ ತುರಹಳ್ಳಿ ಕಾಡಲ್ಲಿ 2021ರಲ್ಲಿ ಟ್ರೀ ಪಾರ್ಕ್ ಮಾಡ್ತೀವಿ ಅಂದಾಗ ಅಕ್ಕಪಕ್ಕದ ಜನ ಬೀದಿಗಿಳಿದು ಬೇಡ ಅಂದಿದ್ದೂ ಇದಕ್ಕೇ, ಕುರುಚಲು ಕಾಡು ನೋಡೋಕೆ ಬೋಳಾಗಿ ಕಂಡ್ರೂ ಅದು ಖಾಲಿ ಜಾಗ ಅಲ್ಲ.

ಸರಿ, ಜಾಗ ಸರಿಯಾಗಿದೆ, ಜಾತಿ ಸರಿಯಾಗಿದೆ ಅಂತಾನೇ ಇಟ್ಕೊಳ್ಳಿ. ಜೂನಲ್ಲಿ 300 ಸಸಿ ಹಾಕಿದ್ರಿ. ಮುಂದಿನ ಫೆಬ್ರವರಿಯಿಂದ ಮೇ ಕೊನೆ ವರೆಗೆ ಕಮ್ಮಿ ಅಂದ್ರೂ ಹದಿನಾರು ವಾರ, ವಾರಕ್ಕೆ ಎರಡು ಸಲ ಒಂದೊಂದು ಗಿಡಕ್ಕೆ 15 ಲೀಟರ್ ಅಂದ್ರೂ ವಾರಕ್ಕೆ 9,000 ಲೀಟರ್ ಆಯ್ತು, ಒಟ್ಟು 1,44,000 ಲೀಟರ್, 6,000 ಲೀಟರ್ ಟ್ಯಾಂಕರ್ ಲೆಕ್ಕದಲ್ಲಿ 24 ಟ್ಯಾಂಕರ್. ಈ ಲೆಕ್ಕ ಗಿಡ ನೆಡೋ ದಿನದ ಬಜೆಟ್ಟಲ್ಲಿ ಯಾರಾದ್ರೂ ಹಾಕಿರ್ತಾರಾ? ಟೀ ಶರ್ಟು, ಬ್ಯಾನರು, ತಿಂಡಿ ಪ್ಯಾಕೆಟ್ಟು, ಸಸಿಗೆ ಇಷ್ಟು, ಗುಂಡಿಗೆ ಇಷ್ಟು, ಅಷ್ಟಕ್ಕೇ ನಿಂತುಬಿಡತ್ತೆ. 2023ರಲ್ಲಿ ಮಳೆ ಕೈ ಕೊಡ್ತು, 2024ರ ಮಾರ್ಚಲ್ಲಿ ಜಲಮಂಡಳಿ ಕುಡಿಯೋ ನೀರನ್ನ ಗಿಡಕ್ಕೆ ಹಾಕಿದ್ರೆ, ಕಾರು ತೊಳೆದ್ರೆ 5,000 ರೂಪಾಯಿ ದಂಡ ಅಂತ ಆದೇಶ ಮಾಡ್ತು. ಹಿಂದಿನ ಮಳೆಗಾಲದಲ್ಲಿ ನೆಟ್ಟಿದ್ದ ಸಸಿಗಳಿಗೆ ಅದೇ ಮೊದಲನೇ ಬೇಸಿಗೆ. ಅಂಥ ವರ್ಷದಲ್ಲಿ ಗಿಡ ಉಳಿಬೇಕು ಅಂದ್ರೆ ಎಸ್‌ಟಿಪಿ ನೀರಿಗೆ, ಅಂದ್ರೆ ಶುದ್ಧೀಕರಿಸಿದ ಕೊಳಚೆ ನೀರಿಗೆ ಮೊದಲೇ ಮಾತಾಡಿಟ್ಟಿರಬೇಕು, ಬುಡಕ್ಕೆ ಒಣ ಎಲೆ ದಪ್ಪಗೆ ಮುಚ್ಚಿಗೆ ಹಾಕಿರಬೇಕು, ಪಾತಿ ಗಟ್ಟಿಯಾಗಿರಬೇಕು. ಪಾರ್ಕಿನ ಒಣ ಎಲೆನ ಗುಡಿಸಿ ಚೀಲಕ್ಕೆ ತುಂಬಿ ಆಚೆ ಕಳಿಸ್ತಾರಲ್ಲ, ಕೆಲವು ಕಡೆ ಸುಡ್ತಾರೆ ಕೂಡ, ಅದು ಆ ಸಸಿಗಳ ಬುಡಕ್ಕೆ ಬಿದ್ದಿದ್ರೆ ಟ್ಯಾಂಕರ್ ಖರ್ಚು ಎಷ್ಟೋ ಕಮ್ಮಿ ಆಗ್ತಿತ್ತು.

ಸಾಲುಮರದ ತಿಮ್ಮಕ್ಕ ಅವರ ಹೆಸರು ಪ್ರತಿ ವನಮಹೋತ್ಸವದ ಭಾಷಣದಲ್ಲೂ ಬರತ್ತೆ, ಆದ್ರೆ ಅವರು ಮಾಡಿದ ರೀತಿ ಯಾರೂ ಹೇಳಲ್ಲ. ಹುಲಿಕಲ್ಲಿಂದ ಕುದೂರಿಗೆ ಹೋಗೋ ದಾರಿಯಲ್ಲಿ ಗಂಡ ಹೆಂಡತಿ ಮೊದಲನೇ ವರ್ಷ ಹಾಕಿದ್ದು ಹತ್ತು ಆಲದ ಸಸಿ, ಮಾರನೇ ವರ್ಷ ಹದಿನೈದು, ಅದರ ಮುಂದಿನ ವರ್ಷ ಇಪ್ಪತ್ತು. ಬಿಂದಿಗೆಯಲ್ಲಿ ನೀರು ಹೊತ್ತು ನಾಲ್ಕು ಕಿಲೋಮೀಟರ್ ಹೋಗಿ ಹಾಕ್ತಿದ್ರು, ದನ ಮೇಯದ ಹಾಗೆ ಮುಳ್ಳು ಕಟ್ತಿದ್ರು. ಸಾಕೋಕೆ ಆಗೋವಷ್ಟೇ ನೆಟ್ರು, ಹಾಗಾಗಿ ಸುಮಾರು 385 ಮರ ನಿಂತವು.

ನೀರು ಬಿಟ್ರೆ ಪಾರ್ಕಿನ ಸಸಿಗೆ ದೊಡ್ಡ ಶತ್ರು ಅಂದ್ರೆ ಹುಲ್ಲು ಕತ್ತರಿಸೋ ಮೆಷೀನು. ಇದನ್ನ ಹತ್ರ ಹೋಗಿ ಬಗ್ಗಿ ನೋಡಿದ್ರೆ ಮಾತ್ರ ಕಾಣತ್ತೆ. ಗಿಡ ನಾಲ್ಕಡಿ ಎತ್ತರ ಬಂದಿರತ್ತೆ, ಎಲೆ ಚೆನ್ನಾಗೇ ಇರತ್ತೆ, ಆದ್ರೆ ನೆಲದಿಂದ ಒಂದು ಇಂಚು ಮೇಲೆ ತೊಗಟೆ ಸುತ್ತಲೂ ಕಿತ್ತು ಒಳಗಿನ ಬಿಳಿ ಕಟ್ಟಿಗೆ ಕಾಣ್ತಿರತ್ತೆ, ಮೆಷೀನಿನ ನೈಲಾನ್ ದಾರ ಬಡಿದಿದ್ದು. ಎಲೆ ಮಾಡಿದ ಆಹಾರ ಬೇರಿಗೆ ಇಳಿಯೋದು ಆ ತೊಗಟೆಯಲ್ಲೇ, ಅದು ಪೂರ್ತಿ ಸುತ್ತು ಹೋದ್ರೆ ಬೇರು ಉಪವಾಸ ಬಿದ್ದು ಗಿಡ ನಿಧಾನಕ್ಕೆ ಒಣಗತ್ತೆ, ಜನ ‘ನೀರು ಸಾಲ್ಲಿಲ್ಲ’ ಅಂದ್ಕೋತಾರೆ. ನಮ್ಮ ಮನೆ ಹತ್ರದ ಪಾರ್ಕಲ್ಲಿ ಒಂದು ಸಾಲು ನೇರಳೆ ಸಸಿ ಹೀಗೇ ಹೋಯ್ತು. ಮಾಲಿನ ಬೈದು ಪ್ರಯೋಜನ ಇಲ್ಲ. ಪಾರ್ಕ್ ನಿರ್ವಹಣೆ ಟೆಂಡರಲ್ಲಿ ಸಾಮಾನ್ಯವಾಗಿ ದುಡ್ಡು ಬರೋದು ಲಾನ್ ಕತ್ತರಿಸಿದ್ದಕ್ಕೆ, ಹೆಡ್ಜ್ ಟ್ರಿಮ್ ಮಾಡಿದ್ದಕ್ಕೆ, ಗುಡಿಸಿದ್ದಕ್ಕೆ, ವಾಲಂಟಿಯರ್‌ಗಳು ಬಂದು ಹಾಕಿ ಹೋದ ಸಸಿ ಅವನ ಕೆಲಸದ ಪಟ್ಟಿಯಲ್ಲೇ ಇರಲ್ಲ, ಅದು ಸತ್ರೂ ಬದುಕಿದ್ರೂ ಯಾರೂ ಕೇಳಲ್ಲ, ಹುಲ್ಲು ಉದ್ದ ಬೆಳೆದ್ರೆ ಮಾತ್ರ ಕೇಳ್ತಾರೆ. ಸಿಎಸ್‌ಆರ್ ದುಡ್ಡೂ ಹೀಗೇ, ನೆಟ್ಟ ಗಿಡಕ್ಕೆ ಇಷ್ಟು ಅಂತ ಲೆಕ್ಕ, ಮೂರನೇ ವರ್ಷ ಉಳಿದ ಗಿಡಕ್ಕೆ ಇಷ್ಟು ಅಂತ ಲೆಕ್ಕ ಹಾಕೋರು ಕಮ್ಮಿ. ದುಡ್ಡು ಎಲ್ಲಿ ಎಣಿಸ್ತೀವೋ ಕೆಲಸ ಅಲ್ಲೇ ಆಗೋದು.

ವಾಲಂಟಿಯರ್ ಕೆಲಸದ ಇನ್ನೊಂದು ತುದಿ ಅಂದ್ರೆ ನರ್ಸರಿ. ‘ನೇಟಿವ್ ಹಾಕೋಣ ಅಂದ್ರೆ ಸಸಿನೇ ಸಿಗಲ್ಲ’ ಅನ್ನೋದು ನಿಜವಾದ ದೂರು. ಹೊಂಗೆ, ಬೇವು, ನೇರಳೆ, ಮಹಾಗನಿ, ಸಿಲ್ವರ್ ಓಕ್ ಸಿಕ್ಕಾಪಟ್ಟೆ ಸಿಗತ್ತೆ, ದಿಂಡಿಗ ಕೇಳಿ, ಜಾಲಾರಿ ಕೇಳಿ, ಕಾರೆ ಕೇಳಿ, ಮುಖ ನೋಡ್ತಾರೆ. ಯಾರೂ ಕೇಳಲ್ಲ ಅಂತ ಬೆಳೆಸಲ್ಲ, ಬೆಳೆಸಲ್ಲ ಅಂತ ಯಾರೂ ಕೇಳಲ್ಲ. ಇದನ್ನ ಬಿಡಿಸೋಕೆ ಊರಿನ ಗುಂಪುಗಳೇ ಬೀಜ ಕೂಡಿಸಬೇಕು, ಅದು ಮಕ್ಕಳು ವಯಸ್ಸಾದವರು ಎಲ್ಲಾ ಸೇರಿ ಮಾಡಬಹುದಾದ ಕೆಲಸ, ಗುಂಡಿ ತೋಡೋಕಿಂತ ಹಗುರ. ಅಂಕೋಲಾ ಕಡೆಯ ತುಳಸಿ ಗೌಡ ಅವರು, 2024ರ ಡಿಸೆಂಬರಲ್ಲಿ ತೀರ್ಕೊಂಡ್ರು, ಜೀವನ ಪೂರ್ತಿ ಮಾಡಿದ್ದು ಇದನ್ನೇ. ಕಾಡಲ್ಲಿ ತಾಯಿ ಮರ ಯಾವ್ದು ಅಂತ ಗುರುತಿಟ್ಟು, ಯಾವ ಹೊತ್ತಿಗೆ ಬೀಜ ಬಲಿಯತ್ತೆ ಅಂತ ಕಾದು, ತಂದು ಅರಣ್ಯ ಇಲಾಖೆ ನರ್ಸರಿಯಲ್ಲಿ ಮೊಳಕೆ ಬರಿಸೋರು, ಶಾಲೆ ಮೆಟ್ಟಿಲು ಹತ್ತದ ಅವರ ಹತ್ರ ಅಧಿಕಾರಿಗಳು ಹೋಗಿ ಕೇಳ್ತಿದ್ರು.

ಬೀಜಕ್ಕೂ ಒಂದೊಂದಕ್ಕೆ ಒಂದೊಂದು ಸ್ವಭಾವ ಇದೆ. ಹಿಪ್ಪೆ ಬೀಜ ಬಿದ್ದ ಕೆಲವೇ ವಾರದಲ್ಲಿ ಮೊಳೆಯೋ ಶಕ್ತಿ ಕಳ್ಕೊಳ್ಳತ್ತೆ, ತಂದ ದಿನಾನೇ ಮಣ್ಣಿಗೆ ಹಾಕಬೇಕು, ಒಣಗಿಸಿ ಡಬ್ಬಿಯಲ್ಲಿಟ್ರೆ ಮುಗೀತು. ಬೇವೂ ಜಾಸ್ತಿ ದಿನ ಇರಲ್ಲ. ಕಕ್ಕೆ ಬೀಜ ಇದಕ್ಕೆ ಉಲ್ಟಾ, ಸಿಪ್ಪೆ ಎಷ್ಟು ಗಟ್ಟಿ ಅಂದ್ರೆ ಉಪ್ಪುಕಾಗದಲ್ಲಿ ಒಂದು ಕಡೆ ಉಜ್ಜಿ ಇಲ್ಲಾ ಬಿಸಿ ನೀರಲ್ಲಿ ನೆನೆಸಿ ಹಾಕಿದ್ರೆನೇ ನೀರು ಒಳಗೆ ಹೋಗೋದು. ಆಲ ಅರಳಿ ಬೀಜ ಹಕ್ಕಿ ಹೊಟ್ಟೆಯಲ್ಲಿ ಹೋಗಿ ಬಂದ್ರೆ ಚೆನ್ನಾಗಿ ಮೊಳೆಯತ್ತೆ, ಅದಕ್ಕೇ ಅವು ಮನೆ ಗೋಡೆ ಬಿರುಕಲ್ಲಿ, ಸೇತುವೆ ಸಂದಿಯಲ್ಲಿ ಹುಟ್ಟೋದು, ಹಾಗೆ ಹುಟ್ಟಿದ ಸಸಿನ ಕಿತ್ತು ಬಿಸಾಕೋ ಬದಲು ಹುಷಾರಾಗಿ ಬೇರು ಸಮೇತ ಎತ್ತಿ ಪ್ಯಾಕೆಟ್ಟಿಗೆ ಹಾಕಿದ್ರೆ ಪುಕ್ಕಟೆ ಆಲದ ಗಿಡ. ಶ್ರೀಗಂಧ ಒಂಟಿಯಾಗಿ ಬೆಳೆಯಲ್ಲ, ಪಕ್ಕದ ಗಿಡದ ಬೇರಿಗೆ ತನ್ನ ಬೇರು ಚುಚ್ಚಿ ಆಹಾರ ಎಳ್ಕೊಳ್ಳತ್ತೆ, ಹಾಗಾಗಿ ಪ್ಯಾಕೆಟ್ಟಲ್ಲೇ ಒಂದು ತೊಗರಿ ಗಿಡ ಜೊತೆಗಿಡಬೇಕು.

ಸಸಿ ಕೊಳ್ಳೋವಾಗಲೂ ಎತ್ತರ ನೋಡಿ ಮರುಳಾಗ್ಬೇಡಿ. ತುಂಬಾ ದಿನ ಪ್ಲಾಸ್ಟಿಕ್ ಪ್ಯಾಕೆಟ್ಟಲ್ಲೇ ಇದ್ದ ಗಿಡದ ತಾಯಿ ಬೇರು ತಳ ಮುಟ್ಟಿ ಸುತ್ತಿ ಸುತ್ತಿ ಗಂಟಾಗಿರತ್ತೆ, ಅದನ್ನ ಹಾಗೇ ಗುಂಡಿಗೆ ಇಟ್ರೆ ನೆಲದಲ್ಲೂ ಅಲ್ಲೇ ಸುತ್ತತ್ತೆ, ಎಂಟು ಹತ್ತು ವರ್ಷ ಆದ್ಮೇಲೆ ಮೇ ತಿಂಗಳ ಗಾಳಿ ಮಳೆಗೆ ಬುಡ ಸಮೇತ ಮಗುಚಿ ಬೀಳತ್ತೆ. ಪ್ಯಾಕೆಟ್ ಕತ್ತರಿಸಿ ತಳದ ಸುರುಳಿ ಬೇರನ್ನ ಚೂಪು ಚಾಕುವಲ್ಲಿ ಕೊಯ್ದು ಬಿಡಿಸಿ ಇಡಬೇಕು. ಪ್ಲಾಸ್ಟಿಕ್ ಪೂರ್ತಿ ತೆಗೀಬೇಕು ಅಂತ ಬೇರೆ ಹೇಳ್ಬೇಕಾ ಅನ್ಸಬಹುದು, ಹೇಳ್ಬೇಕು, ಯಾಕಂದ್ರೆ ಅವಸರದ ಡ್ರೈವ್‌ಗಳಲ್ಲಿ ಪ್ಯಾಕೆಟ್ ಸಮೇತ ಮಣ್ಣು ಮುಚ್ಚಿದ ಸಸಿಗಳು ಆಮೇಲೆ ಸಿಗ್ತವೆ.

ಹಿರಿಯರು ಎತ್ತೋ ಆಕ್ಷೇಪಗಳಿಗೂ ಕಿವಿ ಕೊಡಬೇಕು. ಪೊದೆ ಹಾಕಿದ್ರೆ ಹಾವು ಬರತ್ತೆ, ಸಂಜೆ ಹೆಣ್ಣುಮಕ್ಕಳಿಗೆ ಓಡಾಡೋಕೆ ಭಯ ಆಗತ್ತೆ ಅಂತಾರೆ, ಅದು ನ್ಯಾಯವಾದ ಮಾತು. ತಂಗಡಿ, ಲಕ್ಕಿ, ಕವಳಿಗಳನ್ನ ಪಾತ್‌ಗೆ ತಾಗಿ ಹಾಕದೇ ಕಾಂಪೌಂಡ್ ಕಡೆ ಒಂದು ಪಟ್ಟಿ ಮಾಡಿ ಹಾಕಬಹುದು, ದೀಪದ ಬೆಳಕಿಗೆ ಅಡ್ಡ ಬರದ ಹಾಗೆ. ಚಿಕ್ಕ ಪಾರ್ಕಲ್ಲಿ ಆಲದ ಮರ ಹಾಕಿದ್ರೆ ಪಕ್ಕದ ಮನೆ ಪಾಯ, ಪೈಪು ಎಲ್ಲಾ ಹೋಗತ್ತೆ ಅನ್ನೋದೂ ಸರಿ, ಅಂಥ ಕಡೆ ಹಾಲೆ, ಕಕ್ಕೆ, ಬಿಲ್ವ, ನೆಲ್ಲಿ ಸಾಕು, ಆಲ ಅರಳಿಗಳನ್ನ ಎಕರೆಗಟ್ಟಲೆ ಜಾಗ ಇರೋ ಪಾರ್ಕಿಗೆ, ಕೆರೆ ಅಂಗಳಕ್ಕೆ ಬಿಡೋಣ.

ಇನ್ನು ಈಗಾಗಲೇ ಇರೋ ಹೊರಗಿನ ಮರಗಳು. ಕೆಲವರು ಜೋಶಲ್ಲಿ ಎಲ್ಲಾ ಕಡಿದು ಹಾಕೋಣ ಅಂತಾರೆ, ಅದು ದೊಡ್ಡ ತಪ್ಪು. ಎಂಬತ್ತು ವರ್ಷದ ರೈನ್ ಟ್ರೀ ಮೇಲೆ ಹದ್ದು ಗೂಡು ಕಟ್ಟಿರತ್ತೆ, ಅದರ ಕೆಳಗೆ ಹಣ್ಣಿನ ಗಾಡಿಯವನು ನೆರಳಲ್ಲಿ ನಿಂತಿರ್ತಾನೆ, ಅದು ತನ್ನ ಆಯಸ್ಸು ಮುಗಿಸಲಿ. ಅನುಮತಿ ಇಲ್ದೆ ಮರ ಕಡಿಯೋದು 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ ಕೂಡ. ಹುಣಸೆ ಆಫ್ರಿಕಾ ಮೂಲದ್ದು ಅಂತ ಈಗ ಅದನ್ನ ಹೊರಗಿನದು ಅನ್ನೋಕಾಗತ್ತಾ, ಸಾವಿರಾರು ವರ್ಷ ಆಯ್ತು. ಒಂದು ಮರ ಬಿದ್ದಾಗ, ಸತ್ತಾಗ ಆ ಜಾಗಕ್ಕೆ ಏನು ಬರತ್ತೆ ಅನ್ನೋದನ್ನ ನಾವು ತೀರ್ಮಾನ ಮಾಡಬಹುದು, ಅಷ್ಟು ಸಾಕು. ಆದ್ರೆ ತಾನಾಗೇ ಹಬ್ಬೋ ಲಂಟಾನಾ, ಸುಬಾಬುಲ್, ವೆಡೇಲಿಯಾಗಳ ವಿಷಯದಲ್ಲಿ ಕರುಣೆ ಬೇಡ, ವಾಲಂಟಿಯರ್‌ಗಳಿಗೆ ವರ್ಷ ಪೂರ್ತಿ ಕೆಲಸ ಕೊಡೋದು ಇದೇ. ಲಂಟಾನಾನ ಮೇಲೆ ಮೇಲೆ ಕತ್ತರಿಸಿದ್ರೆ ಇನ್ನೂ ಪೊದೆಯಾಗಿ ಬರತ್ತೆ, ದೆಹಲಿಯ ಪ್ರೊಫೆಸರ್ ಸಿ. ಆರ್. ಬಾಬು ತೋರಿಸಿಕೊಟ್ಟ ದಾರಿ ಏನಂದ್ರೆ ತಾಯಿ ಬೇರನ್ನ ನೆಲದ ಮಟ್ಟಕ್ಕಿಂತ ಮೂರು ನಾಲ್ಕು ಸೆಂಟಿಮೀಟರ್ ಕೆಳಗೆ ಕಡಿದು ಪೊದೆನ ತಲೆಕೆಳಗು ಮಾಡಿ ಅಲ್ಲೇ ಒಣಗೋಕೆ ಬಿಡೋದು. ಆಮೇಲೆ ಆ ಜಾಗಕ್ಕೆ ತಕ್ಷಣ ಹುಲ್ಲು, ತಂಗಡಿ ಏನಾದ್ರೂ ಹಾಕಬೇಕು, ಖಾಲಿ ಬಿಟ್ರೆ ಮೊದಲ ಮಳೆಗೇ ಅದರ ಬೀಜ ಮತ್ತೆ ಎದ್ದು ಬರತ್ತೆ.

ಇದೆಲ್ಲ ಆಗೋ ಮಾತಾ ಅಂತ ಕೇಳೋರಿಗೆ ಗುರುಗ್ರಾಮದ ಅರಾವಳಿ ಬಯೋಡೈವರ್ಸಿಟಿ ಪಾರ್ಕ್ ಇದೆ. ಕಲ್ಲು ಗಣಿ ತೋಡಿ ಬಿಟ್ಟಿದ್ದ ಸುಮಾರು 380 ಎಕರೆ ಜಾಗ, 2010ರಿಂದ ಅಲ್ಲಿನ ನಾಗರಿಕರ ಗುಂಪು ಅರಾವಳಿ ಬೆಟ್ಟದಲ್ಲೇ ಬೀಜ ಕೂಡಿಸಿ ಸ್ವಂತ ನರ್ಸರಿಯಲ್ಲಿ ಬೆಳೆಸಿ ವರ್ಷಗಟ್ಟಲೆ ನೆಟ್ರು, 2022ರಲ್ಲಿ ಕೇಂದ್ರ ಸರ್ಕಾರ ಅದನ್ನ ಸಂರಕ್ಷಿತ ಪ್ರದೇಶಗಳ ಹೊರಗಿನ ಜೀವವೈವಿಧ್ಯ ತಾಣ ಅಂತ ದೇಶದಲ್ಲೇ ಮೊದಲು ಗುರುತಿಸ್ತು. ನಮ್ಮಲ್ಲೇ ಜೆ.ಪಿ. ನಗರದ ಪುಟ್ಟೇನಹಳ್ಳಿ ಕೆರೆ ಇದೆ, 13 ಎಕರೆ ಅಷ್ಟೇ, ಸುತ್ತಲಿನ ನಿವಾಸಿಗಳು 2010ರಲ್ಲಿ ಟ್ರಸ್ಟ್ ಮಾಡ್ಕೊಂಡು ಪಾಲಿಕೆ ಜೊತೆ ಒಪ್ಪಂದ ಮಾಡ್ಕೊಂಡು ನೋಡ್ಕೊಂಡು ಬಂದಿದಾರೆ. ಎರಡೂ ಕಡೆ ಗುಟ್ಟು ಒಂದೇ, ಅದೇ ಜನ ವರ್ಷ ವರ್ಷ ಅದೇ ಜಾಗಕ್ಕೆ ಬಂದ್ರು.

ಈಗ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಅದರ ಕೆಳಗೆ ಐದು ಪಾಲಿಕೆ ಬಂದಿವೆ. ಪಾರ್ಕ್ ಟೆಂಡರ್ ಷರತ್ತಲ್ಲಿ ಏನಿರಬೇಕು ಅಂತ ಕೇಳೋಕೆ ಇದೇ ಹೊತ್ತು. ಲಾನಿಗೆ ದುಡ್ಡು ಕೊಡೋ ಹಾಗೇ ಮೂರನೇ ವರ್ಷಕ್ಕೆ ಬದುಕಿರೋ ಪ್ರತಿ ಸಸಿಗೂ ಗುತ್ತಿಗೆದಾರನಿಗೆ ದುಡ್ಡು ಸಿಗಬೇಕು, ಸಸಿ ಸುತ್ತ ಒಂದು ಮೀಟರ್ ಒಳಗೆ ಮೆಷೀನ್ ಬರಬಾರದು ಅಂತ ಬರೆದಿರಬೇಕು, ಒಣ ಎಲೆ ಪಾರ್ಕಿಂದ ಆಚೆ ಹೋಗಬಾರದು. ಮುಂದಿನ ಸಲ ನಿಮ್ಮ ಆಫೀಸಿಂದ ಗಿಡ ನೆಡೋ ಡ್ರೈವ್‌ಗೆ ಕರೆ ಬಂದ್ರೆ ಹೋಗಿ, ಖಂಡಿತ ಹೋಗಿ, ಆದ್ರೆ ಹೆಸರು ಕೊಡೋಕೆ ಮುಂಚೆ ಮೂರು ವಿಷಯ ಕೇಳಿ: ಹೋದ ವರ್ಷ ಹಾಕಿದ್ದರಲ್ಲಿ ಎಷ್ಟು ಉಳಿದಿದೆ, ಬೇಸಿಗೆ ನೀರು ಎಲ್ಲಿಂದ, ಬೀಜ ಎಲ್ಲಿಯದು. ಉತ್ತರ ಇಲ್ದಿದ್ರೆ 300 ಬೇಡ 30 ಹಾಕೋಣ, ಆ 30ಕ್ಕೆ ಫೆಬ್ರವರಿಯಿಂದ ಮೇ ವರೆಗೆ ಯಾರು ಯಾವ ವಾರ ಬರ್ತಾರೆ ಅಂತ ಇವತ್ತೇ ಪಟ್ಟಿ ಮಾಡೋಣ ಅಂತ ಹೇಳಿ. ಹೊಂಗೆ ಕಾಯಿ ಫೆಬ್ರವರಿಯಿಂದಾನೇ ಬಲಿಯೋಕೆ ಶುರು ಆಗತ್ತೆ, ಮುತ್ತುಗದ ಕಾಯಿ ಮೇ ತಿಂಗಳಲ್ಲಿ ಉದುರತ್ತೆ, ಬೇವು ನೇರಳೆ ಜೂನ್ ಜುಲೈ, ಹಿಪ್ಪೆನೂ ಅದೇ ಮಳೆ ಹೊತ್ತಿಗೆ. ನೀರು ಹಾಕೋಕೆ ಬಂದವರು ಜೇಬಲ್ಲಿ ಒಂದು ಬಟ್ಟೆ ಚೀಲ ಇಟ್ಕೊಂಡು ಬಂದ್ರೆ ಮುಂದಿನ ವರ್ಷದ ನರ್ಸರಿಗೆ ಬೀಜನೂ ಆಯ್ತು.